ಫೋಟೋದಲ್ಲಿಲ್ಲದ ಕ್ಯಾಪ್ಟನ್

ಮಧುಗಿರಿ
೧೮ ಜೂನ್ ೧೯೮೩

ಪ್ರೀತಿಯ ಭೀಮಕ್ಕ,

ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಕಪ್ಪಿನ ಸಮಾಚಾರ! ನೀನು ಪೇಪರಿನಲ್ಲಿ ಓದಿದ್ದು ನಿಜ ಕಣಕ್ಕ. ವಿಶ್ವವಿದ್ಯಾಲಯದ ಹುಡುಗಿಯರ ಕಬಡ್ಡಿ ಕಪ್ಪು ಈ ಸಲವೂ ನಮ್ಮ ಕಾಲೇಜಿಗೇ ಬಂತು. ಹೋದ ವರ್ಷ ನೀನು ಕ್ಯಾಪ್ಟನ್ ಆಗಿ ಎತ್ತಿಕೊಂಡು ಬಂದಿದ್ದ ಅದೇ ಕಪ್ಪು ಪ್ರಿನ್ಸಿಪಾಲರ ಬೀರುವಿನ ಮೇಲೆ ಮತ್ತೆ ಕೂತಿದೆ.

ರಜೆಗೆ ನಮ್ಮೂರು ಪುರವರಕ್ಕೆ ಹೋಗಿದ್ದೆ. ನೆನ್ನೆ ಹಾಸ್ಟೆಲಿಗೆ ಬಂದಾಗ ನಿನ್ನ ಪತ್ರ ನನಗಾಗಿ ಕಾದು ಧೂಳು ಹಿಡಿದಿತ್ತು. "ಫೋಟೋದಲ್ಲಿ ಎಲ್ಲರೂ ಅವ್ರೆ, ಕ್ಯಾಪ್ಟನ್ ನೀನೇ ಇಲ್ವಲ್ಲೇ, ಕಾಲುಗೀಲು ಮುರ್ಕೊಂಡ್ಯಾ?" ಎಂದು ಗಾಬರಿಯಿಂದ ಕೇಳಿದ್ದೀಯ. ಕಾಲು ನೆಟ್ಟಗಿದೆ. ನಾನು ಫೋಟೋದಲ್ಲಿಲ್ಲ, ಏಕೆಂದರೆ ನಾನು ಆಡಲೇ ಇಲ್ಲ! ಬೈಯಬೇಡ, ಪೂರ್ತಿ ಓದು.

ನೀನು ಬಿ.ಎ. ಮುಗಿಸಿ ವೈ.ಎನ್. ಹೊಸಕೋಟೆಯ ಸ್ಕೂಲಿಗೆ ಟೀಚರಾಗಿ ಹೊರಟುಹೋದೆಯಲ್ಲ, ಆಗಲೇ ಇಲ್ಲಿ ಜಾತ್ರೆ ಶುರುವಾಯಿತು. ಅದಕ್ಕೆ ಹಿಂದಿನ ವರ್ಷ ನಮ್ಮ ಸೈನ್ಸ್ ತರಗತಿ ಹೇಗಿತ್ತು ನಿನಗೆ ಗೊತ್ತು. ಬೆಂಚುಗಳೇ ಜಾಸ್ತಿ, ನಾವೇ ಕಡಿಮೆ. ಹೀಗೇ ಆದರೆ ಸೈನ್ಸ್ ವಿಭಾಗ ಮುಚ್ಚಬೇಕಾಗುತ್ತದೆ ಎಂದು ಕಮಿಟಿಯವರು ಹೇಳಿದ್ದರು. ಸ್ವಲ್ಪ ಅನುಕೂಲ ಇದ್ದವರೆಲ್ಲ ಮಕ್ಕಳನ್ನು ತುಮಕೂರಿಗೆ ಕಳಿಸುತ್ತಿದ್ದರು. ನಿನ್ನ ಫೋಟೋ ಪೇಪರಿನಲ್ಲಿ ಬಂದದ್ದೇ ಬಂದದ್ದು, ಸಿರಾದಿಂದ, ಕೊರಟಗೆರೆಯಿಂದ, ಪಾವಗಡದಿಂದ ಅಪ್ಪಂದಿರು ಮಕ್ಕಳ ಕೈ ಹಿಡಿದುಕೊಂಡು ಬಂದರು. ಬಂದವರಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಕಬಡ್ಡಿ ಎಂದರೆ ಭಯ! ಆದರೂ ಬೆಂಗಳೂರಿನವರನ್ನು ಸೋಲಿಸಿದ ಕಾಲೇಜು ಅಂದಮೇಲೆ ಪಾಠವೂ ಹಾಗೇ ಇರಬೇಕು ಎಂದುಕೊಂಡರು. ಈಗ ಮೊದಲ ವರ್ಷದ ತರಗತಿಯಲ್ಲಿ ಜಾಗ ಸಿಗದೆ ಹುಡುಗರು ಕಿಟಕಿ ಕಟ್ಟೆಯ ಮೇಲೆ ಕೂರುತ್ತಾರೆ. ಪ್ರಿನ್ಸಿಪಾಲ್ ಜಯರಾಮಯ್ಯನವರು ನಡೆಯುವ ಠೀವಿಯೇ ಬೇರೆಯಾಗಿದೆ, ನೀನು ನೋಡಬೇಕು.

ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಮಾರ್ಚಿನಲ್ಲಿ ಒಂದು ಸಂಜೆ ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದೆವು. ತೋವಿನಕೆರೆಯ ಕೊಲ್ಲಾಪುರಮ್ಮ ಸೀದಾ ಅಂಕಣದ ಮಧ್ಯಕ್ಕೇ ಬಂದು ನಿಂತಳು. ನೆನಪಿದ್ದಾಳಲ್ಲ, ನಿನ್ನ ಬ್ಯಾಚಿನಲ್ಲಿ ಬಿ.ಎಸ್ಸಿ. ಓದಿ ಫಸ್ಟ್ ಕ್ಲಾಸ್ ತೆಗೆದುಕೊಂಡವಳು, ಆಟದ ಹೊತ್ತಿನಲ್ಲೂ ಪುಸ್ತಕ ಬಿಡದವಳು. ಯಾವುದೋ ಊರಿನ ಹೈಸ್ಕೂಲಿನಲ್ಲಿ ಟೀಚರ್ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದಳಂತೆ. ಕಾಲೇಜಿನ ಹೆಸರು ಹೇಳಿದ ತಕ್ಷಣ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ. "ಓಹೋ, ಕಬಡ್ಡಿ ಕಾಲೇಜು! ಇದು ಮಾರ್ಕ್ಸೋ, ಪಾಯಿಂಟೋ?" ಎಂದರಂತೆ. ಅಲ್ಲಿ ಉಸಿರು ಹಿಡಿಯಲು ಬಂದರೆ ಸಾಕು, ಡಿಗ್ರಿ ತಾನಾಗಿ ಬರುತ್ತದೆ ಎಂದು ಆ ಕಡೆಯೆಲ್ಲ ಮಾತಾಗಿದೆಯಂತೆ. ಅವಳಿಗೆ ಕೆಲಸ ಸಿಗಲಿಲ್ಲ.

"ನಾನು ಕಷ್ಟಪಟ್ಟು ಓದಿದ್ದೆಲ್ಲ ನಿಮ್ಮ ಕಪ್ಪಿನಾಗೆ ಮುಳ್ಗೋಯ್ತು ಕಣ್ರೇ! ಆ ಅಂಕಣದಾಗೆ ಒಂದಿನ ಕಾಲಿಕ್ಕಿದೋಳಲ್ಲ ನಾನು!" ಎಂದು ಕೂಗಾಡಿದಳು. ಕೂಗುತ್ತ ಕೂಗುತ್ತ ಅತ್ತುಬಿಟ್ಟಳು. ನಾವು ಗೆದ್ದದ್ದು ತಪ್ಪೇ? ಅವಳು ಅತ್ತದ್ದು ತಪ್ಪೇ? ಆವತ್ತು ಆಟ ಅಲ್ಲಿಗೇ ನಿಂತಿತು.

ಇದಾದ ಸ್ವಲ್ಪ ದಿನಕ್ಕೇ ನನ್ನ ಪೀಕಲಾಟ ಶುರುವಾಯಿತು. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಆಗಬೇಕಿದ್ದ ಪಂದ್ಯಾವಳಿ ಮುಂದಕ್ಕೆ ಹೋಗಿ ಹೋಗಿ ಏಪ್ರಿಲಿಗೆ ಬಂದಿತ್ತು. ಕೊನೆಯ ದಿನದ ಪಂದ್ಯವೂ ನನ್ನ ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆಯೂ ಒಂದೇ ದಿನ! ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆಸಿದರು.

"ನೋಡಮ್ಮ ಪಟಾಲಮ್ಮ, ಆ ಕಪ್ಪು ಬರದೆ ಇದ್ದಿದ್ರೆ ಸೈನ್ಸಿಗೆ ಬೀಗ ಬೀಳ್ತಿತ್ತು. ನೀನು ಹೋಗಿ ಆಡು. ಪ್ರಾಕ್ಟಿಕಲ್ ವಿಚಾರ ನನಗೆ ಬಿಡು, ಮಾರ್ಕ್ಸು ಬರ್ತವೆ" ಎಂದರು.

ಅವರನ್ನು ಕೆಟ್ಟವರು ಎಂದುಕೊಳ್ಳಬೇಡ. ಕಾಲೇಜು ಉಳಿಯಲಿ ಎನ್ನುವುದೊಂದೇ ಅವರ ಹಠ. ಅಲ್ಲೇ ಕೂತಿದ್ದ ಫಿಸಿಕ್ಸ್ ಮೇಷ್ಟ್ರು ರೇಣುಕಯ್ಯನವರು ತಲೆ ಎತ್ತದೆಯೇ, "ಬಂದು ಪ್ರಯೋಗ ಮಾಡಿದ್ರೆ ಮಾರ್ಕ್ಸು ಸಾರ್. ಬರದೆ ಇದ್ದೋರಿಗೆ ಸೊನ್ನೆ. ಬೇರೆ ಯಾರಾದ್ರೂ ಮಾರ್ಕ್ಸು ಹಾಕೋದಾದ್ರೆ ನಾನು ಪರೀಕ್ಷೆ ನಡೆಸಲ್ಲ" ಎಂದರು. ಇಬ್ಬರಿಗೂ ಜೋರು ಮಾತಾಯಿತು. ನಾನು ಮೆಲ್ಲಗೆ ಆಚೆ ಬಂದೆ.

ನಮ್ಮ ಆಟದ ಮೇಷ್ಟ್ರು ಸಿದ್ದಗಂಗಯ್ಯನವರನ್ನು ಕೇಳಿದೆ. ಹುಡುಗಿಯರಿಗೆ ಕಬಡ್ಡಿ ಕಲಿಸುವ ಆಸೆಗೆ ಊರೂರು ಸುತ್ತಿ ಅಪ್ಪ ಅಮ್ಮಂದಿರ ಕಾಲು ಹಿಡಿದವರು ಅವರು. ಅವರ ಬಾಯಲ್ಲಿ "ಬಾ" ಎಂಬ ಮಾತು ಬಂದಿದ್ದರೆ ಎದ್ದು ಹೋಗಿಬಿಡುತ್ತಿದ್ದೆ. ಅವರು ಹೇಳಲಿಲ್ಲ. "ನಿನ್ನಿಷ್ಟ ಕಣಮ್ಮ" ಎಂದು ಸುಣ್ಣದ ಗೆರೆ ಎಳೆಯುತ್ತ ಹೋದರು. ಎಷ್ಟು ಸಿಟ್ಟು ಬಂತು ಗೊತ್ತಾ!

ಅಕ್ಕ, ನನಗೆ ಆಡುವ ಆಸೆ ಇರಲಿಲ್ಲ ಎಂದುಕೊಂಡೆಯಾ? ಊಟದಲ್ಲಿ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಆದರೆ ಹೋದರೆ, ಆ ಸಂದರ್ಶನದವರು ನಕ್ಕದ್ದು ಸರಿಯೇ ಆಗುತ್ತಿತ್ತು. ಕೊಲ್ಲಾಪುರಮ್ಮನ ಮುಖ ನೋಡುವುದು ಹೇಗೆ? ಮಾರನೆಯ ದಿನ ಬೆಳಗ್ಗೆ ರೇಣುಕಯ್ಯ ಮೇಷ್ಟ್ರ ಲ್ಯಾಬಿನ ಬಾಗಿಲಲ್ಲಿ ನಿಂತು, ಪರೀಕ್ಷೆಗೇ ಬರುತ್ತೇನೆ ಸಾರ್ ಎಂದೆ. ಅವರು ಭೇಷ್ ಎನ್ನಲಿಲ್ಲ, ಏನೂ ಇಲ್ಲ. "ನಿನಗೆ ಎಷ್ಟೋ ಪ್ರಯೋಗ ತಪ್ಪೋಗಿದಾವೆ. ದಿನಾ ಸಂಜೆ ಬಾ, ತೆಗ್ದಿರ್ತೀನಿ" ಎಂದರು. ಪಾಪ, ಹಾಗೇ ತೆಗೆದಿಟ್ಟಿದ್ದರು.

ತಂಡಕ್ಕೆ ಹೇಳಿದಾಗ ಸಿರಾ ಕಡೆಯ ಕ್ಯಾತಮ್ಮ ನನ್ನ ಕೈ ಹಿಡಿದುಕೊಂಡಳು. ಇನ್ನೂ ಮೊದಲ ವರ್ಷದವಳು. ನೀನು ನೋಡಿಲ್ಲ, ಕುರಿ ಸಾಕುವ ನರಸಪ್ಪನವರ ಮಗಳು. ನನ್ನ ಬದಲು ಅವಳೇ ಮುಂದಾಳು ಎಂದು ಗೊತ್ತಾಗಿತ್ತು. "ನೀನಿಲ್ದೆ ಹೆಂಗಕ್ಕ ಆಡ್ಲಿ? ನಂಗೆ ಉಸ್ರೇ ನಿಂತೋಯ್ತದೆ" ಎಂದಳು. ನಿಲ್ಲಿಸಿದರೆ ಔಟು ಕಣೇ ಎಂದು ರೇಗಿಸಿ ಬಸ್ಸು ಹತ್ತಿಸಿದೆ. ಬಸ್ಸು ಹೋದಮೇಲೆ ಹಾಸ್ಟೆಲಿಗೆ ಬಂದು ದಿಂಬಿಗೆ ಮುಖ ಒತ್ತಿಕೊಂಡು ಮಲಗಿದೆ.

ಪರೀಕ್ಷೆಯ ವಿಷಯ ಬರೆಯುವಂಥದ್ದೇನಿಲ್ಲ. ಮೀಟರ್ ಬ್ರಿಡ್ಜ್ ಪ್ರಯೋಗ ಬಂದಿತ್ತು, ಮುಗಿಸಿ ಹೊರಗೆ ಓಡಿದೆ. ಈಗ ಕೇಳು! ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿನ ಮೆಟ್ಟಿಲ ಮೇಲೆ ಯಾರು ನಿಂತಿದ್ದಳು? ಕೊಲ್ಲಾಪುರಮ್ಮ! ನಾನು ಪರೀಕ್ಷೆಗೆ ಉಳಿದದ್ದು ಯಾರಿಂದಲೋ ಕಿವಿಗೆ ಬಿದ್ದಿದೆ. "ನಾನೇನು ನಿಮ್ಮಾಟ ನೋಡಕ್ಕೆ ಬರ್ತಿಲ್ಲ, ನಂಗೆ ಬೇರೆ ಕೆಲ್ಸ ಐತೆ" ಎಂದು ಮೂತಿ ತಿರುಗಿಸಿಕೊಂಡೇ ನನಗೆ ಪಕ್ಕದಲ್ಲಿ ಜಾಗ ಬಿಟ್ಟಳು. ಕೊರಟಗೆರೆಯಲ್ಲಿ ಡ್ರೈವರು ಟೀಗೆ ಇಳಿದವನು ಬರುವುದೇ ಇಲ್ಲ. ನಾನು ಚಡಪಡಿಸುತ್ತಿದ್ದರೆ ಅವಳೇ ಕಿಟಕಿಯಿಂದ ತಲೆ ಹಾಕಿ, "ರೀ ಡ್ರೈವರಣ್ಣ, ಲೋಟ ಸಮೇತ ನುಂಗ್ಬುಡ್ರಿ, ಹೊತ್ತಾಯ್ತದೆ!" ಎಂದು ಕೂಗಿದಳು. ಬಸ್ಸಿಗೆ ಬಸ್ಸೇ ನಕ್ಕಿತು.

ನಾವು ಮೈದಾನಕ್ಕೆ ಓಡಿ ಬಂದಾಗ ಪಂದ್ಯ ಮುಗಿಯುತ್ತಿತ್ತು. ಆಡುವವರ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲವಾದ್ದರಿಂದ ಹಗ್ಗದ ಆಚೆಯೇ ನಿಂತೆ. ಎದುರಿನವರು ಬೆಂಗಳೂರಿನ ಹುಡುಗಿಯರು, ಒಬ್ಬೊಬ್ಬರೂ ಬಾಗಿಲ ಎತ್ತರ. ನಾವು ಒಂದು ಪಾಯಿಂಟು ಹಿಂದೆ. ಕೊನೆಯ ದಾಳಿಗೆ ಹೊರಟವಳು ಕ್ಯಾತಮ್ಮ. ಮೂಲೆಯವಳನ್ನು ಮುಟ್ಟಲು ಬಾಗಿದ್ದೇ ತಡ, ಒಬ್ಬಳು ಕಾಲು ಹಿಡಿದಳು, ಇಬ್ಬರು ಸೊಂಟಕ್ಕೆ ಬಿದ್ದರು. ಕೆಳಗೆ ಕೆಡವಿದರು. ಮುಗೀತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಕಿವಿಗೆ ಅವಳ "ಕಬಡ್ಡಿ ಕಬಡ್ಡಿ" ಕೇಳಿಸುತ್ತಲೇ ಇದೆ ಅಕ್ಕ! ಕಣ್ಣು ಬಿಟ್ಟು ನೋಡಿದರೆ, ಮಣ್ಣಿಗೆ ಬಾಯಿ ತಾಗಿದ್ದರೂ ಉಸಿರು ಬಿಟ್ಟಿಲ್ಲ. ಮೂವರನ್ನೂ ಎಳೆದುಕೊಂಡು ತೆವಳುತ್ತಿದ್ದಾಳೆ. ನನ್ನ ಪಕ್ಕದಲ್ಲಿ ಯಾರೋ ಹಗ್ಗ ಹಿಡಿದು ಜಗ್ಗುತ್ತ ಕಿರುಚುತ್ತಿದ್ದಾರೆ: "ಬುಡಬ್ಯಾಡ ಕಣೇ ಕ್ಯಾತಿ, ಉಸ್ರು ಬುಡಬ್ಯಾಡ! ಇನ್ನೊಂಚೂರು, ಕೈ ಚಾಚೇ!" ತಿರುಗಿ ನೋಡಿದರೆ ಕೊಲ್ಲಾಪುರಮ್ಮ! ಜಡೆ ಬಿಚ್ಚಿಹೋಗಿದೆ, ಚಪ್ಪಲಿ ಎಲ್ಲಿ ಹೋಯಿತೋ. ಕ್ಯಾತಮ್ಮನ ಬೆರಳ ತುದಿ ನಡುಗೆರೆ ಮುಟ್ಟಿತು. ಹಿಡಿದಿದ್ದ ಮೂವರೂ ಔಟು! ಸೀಟಿ!

ಆಮೇಲೆ ಯಾರು ಯಾರನ್ನು ತಬ್ಬಿಕೊಂಡೆವೋ ಗೊತ್ತಿಲ್ಲ. ಕ್ಯಾತಮ್ಮ ಮಣ್ಣು ಉಗುಳುತ್ತ ಬಂದು, "ನಿಲ್ಲಿಸ್ಲಿಲ್ಲ ಕಣಕ್ಕ" ಎಂದಳು. ಸಿದ್ದಗಂಗಯ್ಯ ಮೇಷ್ಟ್ರು ಕನ್ನಡಕ ಒರೆಸಿದ್ದೇ ಒರೆಸಿದ್ದು. ಫೋಟೋದವರು ಆಡಿದವರು ಮಾತ್ರ ನಿಲ್ಲಿ ಎಂದರು, ನಾನು ಪಕ್ಕಕ್ಕೆ ಸರಿದೆ. ಅಷ್ಟೇ ಕಣಕ್ಕ ಆ ಫೋಟೋದ ಕಥೆ. ಹೊಟ್ಟೆ ಉರಿಯಲಿಲ್ಲವೇ ಎಂದು ಕೇಳಿದರೆ, ಚೂರು ಉರಿಯಿತು. ಆದರೆ ನಾನಿಲ್ಲದೆಯೂ ಗೆಲ್ಲುವ ತಂಡ ನನ್ನದು ಎಂಬ ಹೆಮ್ಮೆ ಅದಕ್ಕಿಂತ ಜೋರಾಗಿತ್ತು. ಕೊಲ್ಲಾಪುರಮ್ಮನ ಆ ಬೇರೆ ಕೆಲಸ ಏನೆಂದು ಇವತ್ತಿಗೂ ಹೇಳಿಲ್ಲ.

ನಿನ್ನ ಸ್ಕೂಲು ಹೇಗಿದೆ? ಅಲ್ಲಿಯ ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತಿದ್ದೀಯಾ, ಇಲ್ಲ ಸೀರೆಯ ಗತ್ತಿನಲ್ಲಿ ಮರೆತೆಯಾ? ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಎಂದೆಂದೂ ನಿನ್ನ ತಂಡದವಳೇ ಆದ,
ಪಟಾಲಮ್ಮ

ತಾ.ಕ.: ಸಹಿ ಮಾಡಿದ ಮೇಲೆ ಮನಸ್ಸು ಒಪ್ಪಲಿಲ್ಲ. ಫಲಿತಾಂಶ ಇವತ್ತು ಬೆಳಗ್ಗೆ ಬಂತು. ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ನಾನು ಫೇಲ್, ಅಕ್ಕ. ಪರೀಕ್ಷೆಯ ದಿನ ತಲೆಯೆಲ್ಲ ಬೆಂಗಳೂರಿನಲ್ಲಿತ್ತು, ವೈರು ತಪ್ಪಾಗಿ ಸೇರಿಸಿದ್ದೆ, ಮೀಟರಿನ ಮುಳ್ಳು ಒಂದೇ ಕಡೆ ವಾಲಿ ನಿಂತುಬಿಟ್ಟಿತು. ರೇಣುಕಯ್ಯ ಮೇಷ್ಟ್ರು ಕಣ್ಣು ತಪ್ಪಿಸಲಿಲ್ಲ. "ಅಷ್ಟು ಹೇಳ್ಕೊಟ್ಟೂ ತಪ್ಪು ಮಾಡ್ದೆ, ನಾನೇನು ಮಾಡ್ಲಿ? ಮೂರನೇ ವರ್ಷದ ಪಾಠದ ಜೊತೆಗೇ ಅಕ್ಟೋಬರಿನಲ್ಲಿ ಮತ್ತೆ ಕಟ್ಟು. ಸೋಮವಾರದಿಂದ ಲ್ಯಾಬಿಗೆ ಬಾ" ಎಂದರು. ಎಲ್ಲರ ಎದುರು ನೋಟಿಸ್ ಬೋರ್ಡಿನ ಮುಂದೆ ನಿಂತು ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗ ಪಾವಗಡದ ಕಡೆಯಿಂದ ಮಗಳನ್ನು ಸೇರಿಸಲು ಬಂದಿದ್ದ ಕದರಪ್ಪ ಎಂಬುವರು ಬೋರ್ಡಿನ ಮುಂದಿನ ಹುಡುಗರ ಮಾತು ಕೇಳಿಸಿಕೊಂಡು ಗುಮಾಸ್ತರನ್ನು ಕೇಳಿದರು, "ಏಂ ಸಾರ್, ಕಪ್ಪು ಗೆದ್ದ ತಂಡದ ಕ್ಯಾಪ್ಟನ್ನೇ ಫೇಲಾ?" ಹೌದು ಎಂದರು ಗುಮಾಸ್ತರು. ಕದರಪ್ಪನವರು ಮಗಳ ಬೆನ್ನು ತಟ್ಟಿ, "ಅಟ್ಲಯಿತೇ, ಹಂಗಾದ್ರೆ ಇಲ್ಲಿ ಪಾಠ ಗಟ್ಟಿ ಐತೆ. ಬರ್ಕೊಳ್ಳಿ ಸಾರ್ ನಮ್ಮುಡ್ಗೀನ" ಎಂದುಬಿಟ್ಟರು! ಅಳುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಆ ಕ್ಯಾಪ್ಟನ್ ನಾನೇ ಎಂದು ಅವರಿಗೆ ಗೊತ್ತಿಲ್ಲ. ನನ್ನನ್ನೇ ನೋಡಿ, "ಅಮ್ಮಾ, ಲ್ಯಾಬು ಎಲ್ಲೈತೆ, ನಮ್ಮ ಪಾಪಂಗೆ ಸ್ವಲ್ಪ ತೋರಿಸ್ತೀಯಾ?" ಎಂದರು. ಕಣ್ಣೊರೆಸಿಕೊಂಡು ಆ ಹುಡುಗಿಯ ಕೈ ಹಿಡಿದು ಕರೆದುಕೊಂಡು ಹೋದೆ.