ಒಂದು ಮನೆಗೆ ಒಂದೇ ಬೆಳಕು

ಹಟ್ಟಿ ಒಳಊರು, ಏಳನೆಯ ಮಜಲು
ನೆಲದೊಳಗೆ ಇಳಿದ ಎಂಬತ್ತೊಂದನೆಯ ವರ್ಷ, ಎರಡನೆಯ ಬೇಸಿಗೆಯ ಕೊನೆಯ ವಾರ

ನಮಗಿಂತ ಮೊದಲು ಬಾಳಿದ ಹಿರಿಯರಿಗೆ,

ಏಳನೆಯ ಮಜಲಿನ ಹುಲಿಗೆಮ್ಮ ಮಾಡುವ ನಮಸ್ಕಾರಗಳು. ‘ಇತ್ತ ನಾವೆಲ್ಲ ಕ್ಷೇಮ’ ಎಂದು ಪತ್ರ ಶುರು ಮಾಡುವುದು ನಿಮ್ಮ ಕಾಲದ ಪದ್ಧತಿಯಂತೆ. ಈ ವರ್ಷ ಹಾಗೆ ಬರೆಯಲು ನನ್ನ ಕೈ ಏಳುತ್ತಿಲ್ಲ. ಮೇಲಿನ ತಾರೀಖು ನೋಡಿ, ವರ್ಷಕ್ಕೆ ಎರಡು ಬೇಸಿಗೆ ಹೇಗೆ ಎಂದು ನೀವು ಕೇಳಬಹುದು. ನೀವು ಮಳೆಗಾಲ ಎನ್ನುತ್ತಿದ್ದ ತಿಂಗಳುಗಳು ಈಗ ಬಹಳ ಕಡಿಮೆಯಾಗಿವೆ. ಅವುಗಳ ಆಚೆಗೊಂದು, ಈಚೆಗೊಂದು ಬೇಸಿಗೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಮನ್ನಿಸಬೇಕು, ಆದಷ್ಟು ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಹಿಂದೋಲೆ ಎಂಬ ಒಂದು ರೂಢಿ ಇದೆ. ಪ್ರತಿ ವರ್ಷ ಒಂದೊಂದು ಮಜಲಿನಿಂದ ಒಬ್ಬರು ಹಿಂದಿನ ಕಾಲದವರಿಗೆ ಓಲೆ ಬರೆಯಬೇಕು. ಅದನ್ನು ಎಲ್ಲರೆದುರು ಓದಿ, ಬಂಡೆಯ ಸೀಳಿನಲ್ಲಿಟ್ಟು ಗಾರೆ ಮೆತ್ತುತ್ತಾರೆ. ನಿಮಗೆ ಅದು ಹೇಗೆ ಮುಟ್ಟುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೆಚ್ಚಿನವರು ಬೆಳೆಯ ಸುದ್ದಿ, ಮಕ್ಕಳ ಸುದ್ದಿ ಬರೆಯುತ್ತಾರೆ. ನಾನು ನಮ್ಮ ಮನೆಯ ಅಂಗೈಗಣಕದ ಎರಡು ಗುಂಡಿಗಳ ವಿಷಯ ಬರೆಯುತ್ತಿದ್ದೇನೆ.

ನಿಮ್ಮವರು ಚಿನ್ನಕ್ಕಾಗಿ ತೋಡಿದ ಗಣಿಯಲ್ಲಿ ಈಗ ನಾವು ಒಂದರ ಕೆಳಗೊಂದು ಮಜಲುಗಳಲ್ಲಿ ಮನೆ ಮಾಡಿಕೊಂಡಿದ್ದೇವೆ. ನಸುಕಿನಲ್ಲಿ ಬಾಯಿ, ಅಂದರೆ ಮೇಲಿನ ಹೆಬ್ಬಾಗಿಲು, ತೆರೆಯುತ್ತದೆ. ಜನ ತೊಟ್ಟಿಲಿನಲ್ಲಿ ಮೇಲೆ ಹೋಗಿ, ನೆರಳುಬಲೆಯ ಕೆಳಗಿನ ಸಜ್ಜೆಗೆ, ಕಾಯಿಪಲ್ಯಕ್ಕೆ ನೀರುಣಿಸಿ, ಬಿಸಿಲು ಏರುವುದರೊಳಗೆ ಇಳಿದುಬರುತ್ತಾರೆ. ತೊಟ್ಟಿಲು ಎಂದರೆ ನೀವು ಲಿಫ್ಟ್ ಎನ್ನುತ್ತಿದ್ದ ಪಂಜರ. ಬಾಯಿ ಮುಚ್ಚುವ ಹೊತ್ತು ಸಾಮಾನ್ಯವಾಗಿ ಒಂಬತ್ತು ಗಂಟೆ. ಉರಿಗಾಳಿ ಬೇಗ ಏಳುವ ದಿನ ಅದು ಮೊದಲೇ ಮುಚ್ಚುತ್ತದೆ. ಆ ದಿನದ ಹೊತ್ತು ಎಷ್ಟೆಂದು ಮನೆಮನೆಯ ಅಂಗೈಗಣಕಕ್ಕೆ ಬರುತ್ತದೆ. ಅಂಗೈಗಣಕ ಮನೆಗೆ ಒಂದೇ. ಎರಡೂ ಕೈಯಲ್ಲಿ ಹಿಡಿಯುವಂಥದು. ನಡುವೆ ಪರದೆ, ಎಡಕ್ಕೊಂದು, ಬಲಕ್ಕೊಂದು, ಕೆಳಗೆ ನಡುವಿಗೊಂದು ಗುಂಡಿ. ಸುದ್ದಿ, ಪಾಠ, ಪಡಿತರ, ಕೆಲಸದ ಪಾಳಿ ಎಲ್ಲವೂ ಅದರೊಳಗೇ.

ನಮ್ಮ ಮನೆಯಲ್ಲಿ ಮೂವರು: ನಾನು, ನನ್ನ ಗಂಡ ಮೌನೇಶ, ಅತ್ತೆ ದ್ಯಾವಮ್ಮ. ಮೌನೇಶ ಪಂಪುಮನೆಯಲ್ಲಿ ಕೊಳವೆ ನೋಡಿಕೊಳ್ಳುವವನು. ಹರೆಯದಲ್ಲಿ ಒಮ್ಮೆ ಕೊಳವೆ ಬೆಸೆಯುವಾಗ ಬೆಸುಗೆಯ ಮಿಂಚು ನೇರ ಕಣ್ಣಿಗೆ ಹೊಡೆದಿತ್ತು. ಅಂದಿನಿಂದ ಬೆಳಕು ಸ್ವಲ್ಪ ಹೆಚ್ಚಾದರೂ ಅವನಿಗೆ ಕಣ್ಣೊಳಗೆ ಸೂಜಿ ಆಡಿಸಿದಂತಾಗುತ್ತದೆ. ಅತ್ತೆಯದು ಇದಕ್ಕೆ ತಿರುಗುಮುರುಗು. ವಯಸ್ಸಾಗಿ ಕಣ್ಣು ಮಂದವಾಗಿ, ಬೆಳಕು ಚೆಲ್ಲಿದಷ್ಟೂ ಕಾಣುವುದು, ಕಡಿಮೆಯಾದರೆ ಎಲ್ಲವೂ ಬೂದಿ. ಒಂದೇ ಗಣಕ, ಎರಡು ಬಗೆಯ ಕಣ್ಣು. ಬೆಳಕು ಏರಿಸಬೇಕಾದರೆ ಪರದೆಯ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ತೆರೆದು ಹುಡುಕಬೇಕಿತ್ತು. ಪರದೆಯೇ ಕಾಣದ ಮುದುಕಿ ಅದನ್ನು ಹುಡುಕುವುದು ಹೇಗೆ? ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಂಡದ್ದು, ಮಗ ಕಣ್ಣು ಮುಚ್ಚಿಕೊಂಡು, ತಾಯಿ ಕಣ್ಣು ಕಿರಿದು ಮಾಡಿಕೊಂಡು, ಇಬ್ಬರೂ ಅದೇ ವಿಷಯಕ್ಕೆ ಬೈದಾಡುವುದನ್ನು.

ಕಡೆಗೆ ಮೌನೇಶನೇ ಕುಳಿತು ಒಂದು ಒಳದಾರಿ ಮಾಡಿದ. ನೀವು ಶಾರ್ಟ್‌ಕಟ್ ಎನ್ನುತ್ತಿದ್ದುದನ್ನು ನಾವು ಒಳದಾರಿ ಎನ್ನುತ್ತೇವೆ. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂದು ಮನೆಯವರೇ ಗೊತ್ತುಮಾಡಿಕೊಳ್ಳಲು ಆಗ ಅವಕಾಶವಿತ್ತು. ನಡುಗುಂಡಿ ಒತ್ತಿ ಹಿಡಿದು ಬಲಗುಂಡಿ ಒತ್ತಿದರೆ ಬೆಳಕು ಏರಬೇಕು, ಎಡಗುಂಡಿ ಒತ್ತಿದರೆ ಇಳಿಯಬೇಕು. ಬಲಗುಂಡಿಯ ಮೇಲೆ ಅರಗಿನ ಒಂದು ಹನಿ ಬಿಟ್ಟು, ಅವ್ವನ ಬೆರಳು ಹಿಡಿದು ತೋರಿಸಿದ. ಒಂದು ವಾರದಲ್ಲಿ ಆಕೆ ರೊಟ್ಟಿ ಬಡಿಯುತ್ತ ಪಕ್ಕದಲ್ಲಿದ್ದ ಗಣಕವನ್ನು ಒಂದೇ ಕೈಯಲ್ಲಿ ಬೆಳಗಿಸುವಷ್ಟು ಪಳಗಿದಳು. ಓದಿ ಮುಗಿದ ಮೇಲೆ ಮಗನಿಗಾಗಿ ಬೆಳಕು ಇಳಿಸಿಯೇ ಕೆಳಗಿಡುತ್ತಿದ್ದಳು. ಇಷ್ಟು ಸಣ್ಣ ವಿಷಯದಿಂದ ಒಂದು ಮನೆಯಲ್ಲಿ ಎಷ್ಟು ಶಾಂತಿ ನೆಲೆಸಬಹುದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೋದ ವರ್ಷ ಬೆಳಕಿನ ಮಂಡಳಿ ಹೊಸ ನಿಯಮ ತಂದಿತು. ಮೇಲಿನ ಬಿಸಿಲುಹಲಗೆಗಳು ಹಳತಾಗಿ ವಿದ್ಯುತ್ತು ಸಾಲದಾಗಿತ್ತು. ಮಕ್ಕಳ ಕಣ್ಣುಗಳೂ ಕೆಡುತ್ತಿದ್ದವು. ಆದ್ದರಿಂದ ಇನ್ನು ಮುಂದೆ ಗಣಕವೇ ಸುತ್ತಲಿನ ಬೆಳಕು ನೋಡಿ ತನ್ನ ಪರದೆಯನ್ನು ಹೊಂದಿಸಿಕೊಳ್ಳುತ್ತದೆ, ಪ್ರತಿ ಮನೆಯೂ ಒಬ್ಬರ ಕಣ್ಣಿನ ಅಳತೆ ಕೊಟ್ಟರೆ ಸಾಕು, ಗುಂಡಿಗಳ ಒಳದಾರಿಗಳನ್ನು ಮುಚ್ಚಲಾಗುವುದು ಎಂದರು. ಕಾರಣಗಳು ಸುಳ್ಳಾಗಿರಲಿಲ್ಲ. ಅಳತೆ ತೆಗೆಯಲು ಬಂದ ಬಸಲಿಂಗಪ್ಪನವರು ಕೆಟ್ಟವರೂ ಅಲ್ಲ. ನಾವು ಕೊಟ್ಟ ಮಜ್ಜಿಗೆ ಕುಡಿದು, ಅತ್ತೆಯ ಕಾಲುನೋವು ವಿಚಾರಿಸಿದರು. ಇಬ್ಬರ ಅಳತೆಯನ್ನೂ ಬರೆದುಕೊಳ್ಳಿ ಎಂದು ಮೌನೇಶ ಪರಿಪರಿಯಾಗಿ ಕೇಳಿದ. ಹಾಗೆ ಮಾಡಲು ಜಾಗವಿಲ್ಲ, ಬೇಕಾದರೆ ಎರಡರ ನಡುವಿನದೊಂದನ್ನು ಹಾಕಬಹುದು ಎಂದರು. ಹಾಕಿ ನೋಡಿದೆವು. ಮಗನಿಗೆ ನೋವು ತಪ್ಪಲಿಲ್ಲ, ತಾಯಿಗೆ ಅಕ್ಷರ ಕಾಣಲಿಲ್ಲ. ಆಗ ಅತ್ತೆಯೇ ಮಾತು ಮುಗಿಸಿದಳು.

“ನಾ ನೋಡಿದ್ದು ಸಾಕಾಗ್ಯಾದ್ರಿ ಸಾಹೇಬ್ರ. ದುಡಿಯಾಂವ ನನ್ನ ಮಗ. ಅವನ ಕಣ್ಣಿನ ಅಳತೀನ ಬರಕೋರಿ.”

ಬಸಲಿಂಗಪ್ಪ ಬರೆದುಕೊಂಡರು. ಮೌನೇಶ ಅಂದು ಊಟ ಮಾಡಲಿಲ್ಲ.

ಈ ಬೇಸಿಗೆಯ ನಡುವೆ ಒಂದು ಮುಂಜಾನೆ ಅವನು ಪಂಪುಮನೆಗೂ ನಾನು ಅಣಬೆ ಕೋಣೆಗೂ ಹೋಗಿದ್ದೆವು. ಅತ್ತೆ ಎದ್ದು ಗಣಕ ನೋಡಿದಳು. ಕೋಣೆ ಕತ್ತಲಾಗಿದ್ದುದರಿಂದ ಗಣಕ ಮೌನೇಶನ ಅಳತೆಗೆ ತಕ್ಕಂತೆ ಮಂಕಾಗಿ ಹೊತ್ತಿಕೊಂಡಿತ್ತು. ಬಾಯಿ ಮುಚ್ಚುವ ಹೊತ್ತು ೬ ಎಂದಿತ್ತು. ಆಕೆಗೆ ಅದು ೯ ಎಂದು ಕಂಡಿತು. ನಮ್ಮ ಈ ಎರಡು ಅಂಕಿಗಳು ಎಷ್ಟು ಹತ್ತಿರದವು ಎಂದು ಕನ್ನಡ ಓದುವ ನಿಮಗೆ ಹೇಳಬೇಕಾಗಿಲ್ಲ. ಮೇಲೆ ಹಳೆಯ ಕಲ್ಲುಗುಡ್ಡೆಯ ಆಚೆ ಆಕೆಯ ಪುಂಡಿಪಲ್ಯದ ಮಡಿಗಳಿದ್ದವು. ಬುಟ್ಟಿ ಎತ್ತಿಕೊಂಡು ಹೋದಳು. ಗಂಟೆ ಬಾರಿಸಿದ್ದು ಎದ್ದ ಗಾಳಿಯಲ್ಲಿ ಗುಡ್ಡೆಯಾಚೆಗೆ ಕೇಳಿಸಲಿಲ್ಲ. ಬಾಯಿ ಮುಚ್ಚಿತು.

ನಾನು ಮನೆಗೆ ಬಂದು ಬುಟ್ಟಿ ಇಲ್ಲದ್ದು ನೋಡಿ ಪಂಪುಮನೆಗೆ ಓಡಿದೆ. ಇಬ್ಬರೂ ತೊಟ್ಟಿಲು ಹತ್ತಿದೆವು. ಒಮ್ಮೆ ಮುಚ್ಚಿದ ಹೆಬ್ಬಾಗಿಲನ್ನು ಸಂಜೆಯವರೆಗೆ ತೆರೆಯುವಂತಿಲ್ಲ. ತೆರೆದರೆ ಉರಿ ನೇರ ಮೊದಲ ಮಜಲಿನ ಶಾಲೆಗೆ ನುಗ್ಗುತ್ತದೆ. ಕಾವಲಿನವರ ಹತ್ತಿರ ಒಂದು ತಂಪಂಗಿ ಇತ್ತು. ಒಳಗೆ ತಣ್ಣೀರು ಹರಿಯುವ, ಮುಖಕ್ಕೆ ಗಾಜಿರುವ ಉಡುಪು ಅದು. ಅದನ್ನು ತೊಟ್ಟವರನ್ನು ಕಿರುಬಾಗಿಲಿನಿಂದ ಬಿಡಬಹುದಿತ್ತು. ಈ ಕಣ್ಣಿನಲ್ಲಿ ನೀನು ಹೊರಗೆ ಹೋಗಿ ಏನು ನೋಡುತ್ತೀ, ನಾನು ಹೋಗುತ್ತೇನೆ ಎಂದೆ. ಅವ್ವನನ್ನು ಹೊತ್ತು ತರಬೇಕಾದೀತು, ನಿನ್ನಿಂದ ಆಗದು ಎಂದ. ಕಣ್ಣಿಗೆ ನನ್ನ ಸೆರಗಿನ ಚೂರು ಕಟ್ಟಿಕೊಂಡು, ತಂಪಂಗಿ ತೊಟ್ಟು, ಕುರುಡನಂತೆ ಕೈ ಚಾಚಿ ಹೊರಬಿದ್ದ.

ಮುಂದಿನದನ್ನು ನಾನು ಕಿರುಬಾಗಿಲಿನ ಗಾಜಿನೊಳಗಿಂದ ನೋಡಿದೆ. ಮಾತು ಅವನ ಅಂಗಿಯ ಯಂತ್ರದಿಂದ ಒಳಗೆ ಕೇಳಿಸುತ್ತಿತ್ತು. ಅವನು ಅವ್ವಾ ಅವ್ವಾ ಎಂದು ಕರೆಯುತ್ತ, ಎಡವುತ್ತ, ದಿಕ್ಕು ತಪ್ಪಿ ಗುಡ್ಡೆಯ ಬೇರೆ ಮಗ್ಗುಲಿಗೆ ಹೋಗುತ್ತಿದ್ದ. ಆಗ ನೆರಳುಬಲೆಯ ಕೆಳಗಿನಿಂದ ಅತ್ತೆಯ ದನಿ ಬಂತು.

“ಅತ್ತಾಗಲ್ಲೋ ಮೌನ್ಯಾ, ಎಡಕ್ಕ ಬಾ. ಮುಂದ ಕಲ್ಲದ, ಕಾಲೆತ್ತಿಡು.”

ಆ ಸುಡುಬೆಳಕಿನಲ್ಲಿ ಆಕೆಗೆ ಎಲ್ಲವೂ ಕಾಣುತ್ತಿತ್ತು. ಮಗ ಅವಳನ್ನು ಬೆನ್ನಿಗೆ ಹಾಕಿಕೊಂಡ. ಬಲಕ್ಕೆ, ಎಡಕ್ಕೆ, ನಿಲ್ಲು, ತಗ್ಗು ಎಂದು ಅವಳು ದಾರಿ ಹೇಳುತ್ತ ಬಂದಳು, ಅವನು ನಡೆಯುತ್ತ ಬಂದ. ಬಾಗಿಲ ಹತ್ತಿರ ಬರುವಷ್ಟರಲ್ಲಿ ದನಿ ನಿಂತಿತ್ತು. ಕಡೆಯ ಕೆಲವು ಹೆಜ್ಜೆ ನಾನು ಗಾಜು ಬಡಿದು ಕರೆದೆ.

ಅತ್ತೆ ಮತ್ತೆರಡು ದಿನ ಇದ್ದಳು. ಒಮ್ಮೆ ಎಚ್ಚರವಾದಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: “ಅವನ ಗಲ್ಲದ ಮ್ಯಾಲಿನ ಮಚ್ಚಿ ಕಂಡಿತವ್ವ. ಎಷ್ಟು ವರ್ಷ ಆಗಿತ್ತು ನೋಡಿ.” ಮೌನೇಶ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಅದು ಅವನಿಗೂ ಕೇಳಿಸಿತು.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ನಾವು ಮಂಡಳಿಗೆ ಹೋದೆವು. ಶಿಕ್ಷೆಯಾಗಲಿ ಪರಿಹಾರವಾಗಲಿ ಮೌನೇಶ ಕೇಳಲಿಲ್ಲ. ಎಲ್ಲ ಮನೆಗಳಿಗೂ ಆ ಎರಡು ಗುಂಡಿಗಳನ್ನು ಹಿಂದಕ್ಕೆ ಕೊಡಿ ಎಂದಷ್ಟೇ ಕೇಳಿದ. ಗಣಕ ನಿಯಮದಂತೆಯೇ ನಡೆದಿದೆ, ಅದರಲ್ಲಿ ಯಾವ ದೋಷವೂ ಕಂಡುಬಂದಿಲ್ಲ ಎಂದರು. ಬಸಲಿಂಗಪ್ಪನವರು ಕಣ್ಣಲ್ಲಿ ನೀರು ತಂದುಕೊಂಡು, ಸಮಾಧಾನ ಹೇಳುವವರಂತೆ, “ಈಗಂತೂ ನಿಮ್ಮ ಮನಿಯೊಳಗ ಆ ತೊಂದರಿ ಉಳದಿಲ್ಲಲ್ಲಪಾ” ಎಂದರು. ನೋಯಿಸಬೇಕೆಂದು ಆಡಿದ ಮಾತಲ್ಲ. ಅದಕ್ಕೇ ನನಗೆ ಇಂದಿಗೂ ಅದನ್ನು ಮರೆಯಲಾಗದು. ಮೌನೇಶ ಗಣಕವನ್ನು ಅವರ ಮೇಜಿನ ಮೇಲಿಟ್ಟು ಎದ್ದುಬಂದ.

ಅಂದಿನಿಂದ ನಮ್ಮ ಮನೆಯಲ್ಲಿ ಗಣಕವಿಲ್ಲ. ಪಡಿತರಕ್ಕೆ ಸಾಲು ನಿಲ್ಲುತ್ತೇವೆ, ಪಾಳಿಯನ್ನು ಕೇಳಿ ತಿಳಿಯುತ್ತೇವೆ. ನಮ್ಮ ಓಣಿಯ ಇನ್ನೂ ಕೆಲವು ಮನೆಯವರು ತಮ್ಮ ಗಣಕಗಳನ್ನು ಅದೇ ಮೇಜಿನ ಮೇಲಿಟ್ಟು ಬಂದಿದ್ದಾರೆ. ಇನ್ನು ಕೆಲವರು ನಮ್ಮನ್ನು ಹುಚ್ಚರೆನ್ನುತ್ತಾರೆ. ಮಂಡಳಿ ಯೋಚಿಸುತ್ತಿದ್ದೇವೆ ಎಂದಿದೆ. ಬಾಗಿಲು ಮುಚ್ಚುವ ಹೊತ್ತನ್ನು ಈಗ ಪ್ರತಿ ನಸುಕಿನಲ್ಲಿ ಮೌನೇಶ ಕಾವಲಿನವರಿಂದ ಕೇಳಿಕೊಂಡು ಬಂದು, ಓಣಿಯ ತಿರುವಿನಲ್ಲಿ ನಿಂತು ಕೂಗಿ ಹೇಳುತ್ತಾನೆ. ಅವನ ದನಿ ದಿನದಿನಕ್ಕೆ ಒಡೆಯುತ್ತಿದೆ. ಎಷ್ಟು ದಿನ ಕೂಗಿಯಾನು, ನನಗೆ ತಿಳಿಯದು.

ಹಿರಿಯರೇ, ನಿಮ್ಮ ಕೈಯಲ್ಲಿಯೂ ಇಂಥದೊಂದು ಯಂತ್ರ ಇದ್ದೀತು. ಅದರ ಬೆಳಕನ್ನು ಏರಿಸುವ, ಇಳಿಸುವ ಗುಂಡಿ ಯಾವುದೆಂದು ನೀವೇ ಗೊತ್ತುಮಾಡಿಕೊಳ್ಳಲು ಇನ್ನೂ ಬಿಟ್ಟಿದ್ದರೆ, ದಯಮಾಡಿ ಇವತ್ತೇ ಆ ಕೆಲಸ ಮಾಡಿ. ಅದು ತಾನೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ, ಯಾರ ಕಣ್ಣಿನ ಅಳತೆಗೆ ಎಂದು ಕೇಳಿ. ಆಮೇಲೆ ನಿಮ್ಮ ಮನೆಯಲ್ಲಿ ಕಣ್ಣು ಮಂದವಾದವರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವರ ಬೆರಳಿಗೆ ಆ ಗುಂಡಿಯ ಪರಿಚಯ ಮಾಡಿಸಿ. ಕಾಣುತ್ತದೆಯೇ ಎಂದು ಮಾತ್ರ ಕೇಳಬೇಡಿ. ಕಾಣುತ್ತದೆ ಎಂದೇ ಅವರು ಹೇಳುತ್ತಾರೆ. ಏನು ಬರೆದಿದೆ, ಓದಿ ಹೇಳಿ ಎಂದು ಕೇಳಿ.

ಇಂತಿ ನಿಮ್ಮ ಮುಂದಿನವಳು,
ಹುಲಿಗೆಮ್ಮ