ನಿಮ್ಮಪ್ಪನ ಹಕ್ಕಿ ಹುಚ್ಚು

ಪಾರ್ವತಿನಗರ, ಬಳ್ಳಾರಿ
ಯುಗಾದಿ ಮುಗಿದ ವಾರ

ಮೌನಿಕಾ,

ಕ್ಷೇಮವೇ ಎಂದು ಕೇಳುವುದಿಲ್ಲ. ಮೊನ್ನೆ ಶುಕ್ರವಾರ ಕುರುಗೋಡಿನಲ್ಲಿ ನಿನ್ನನ್ನು ಕಣ್ಣಾರೆ ನೋಡಿಕೊಂಡು ಬಂದಿದ್ದೇನೆ. ಸ್ವಲ್ಪ ಇಳಿದಿದ್ದೀಯ, ಆದರೂ ಮುಖದಲ್ಲಿ ಕಳೆ ಇದೆ. ಕೈಬರಹ ನೋಡಿದ ಕೂಡಲೇ ಯಾರ ಪತ್ರವೆಂದು ಗೊತ್ತಾಗಿರುತ್ತದೆ. ಸಿಟ್ಟಿನಲ್ಲಿ ಹರಿದು ಹಾಕಬೇಡ, ಪೂರ್ತಿ ಓದು. ನಿಮ್ಮಪ್ಪನಿಗೆ ಮಾತ್ರ ತೋರಿಸಬೇಡ. ಆ ಮನುಷ್ಯನ ಮುಖ ಯಾವ ಗುಟ್ಟನ್ನೂ ತಡೆದುಕೊಳ್ಳುವುದಿಲ್ಲ.

ನಿನ್ನ ಹೆಸರನ್ನು ಈ ಮನೆಯಲ್ಲಿ ಎತ್ತಬಾರದೆಂದು ಕಟ್ಟು ಮಾಡಿದವಳು ನಾನೇ. ನೀನು ಮಾರೇಶನ ಕೈ ಹಿಡಿದು ಹೋದ ದಿನ ನಿಮ್ಮಪ್ಪನನ್ನು ದೇವರ ಕೋಣೆಯ ಮುಂದೆ ನಿಲ್ಲಿಸಿ, "ಆಕಿ ಮನ್ಯಾಗ ನೀವು ಒಂದು ಗುಟುಕು ನೀರು ಕುಡಿದ್ರೂ ನನ್ನ ಮ್ಯಾಲಾಣಿ" ಎಂದಿದ್ದೆ. ಅವರ ಜಾತಿ ಯಾವುದು, ನಮ್ಮದು ಯಾವುದು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದೂ ನಿನಗೆ ನೆನಪಿರಬೇಕು. ಆ ಮಾತುಗಳನ್ನು ಮತ್ತೆ ಇಲ್ಲಿ ಬರೆಯಲಾರೆ. ಆಮೇಲೆ ಐದು ಯುಗಾದಿ ಬಂದವು, ಹೋದವು. ನೀವಿಬ್ಬರೂ ಸಿರುಗುಪ್ಪದಲ್ಲಿದ್ದೀರಿ ಎಂದು ನಿನ್ನ ಸೋದರಮಾವ ಶರಣ ಒಮ್ಮೆ ಬಾಯಿಬಿಟ್ಟಿದ್ದ. ಅವನ ಬಾಯನ್ನೂ ನಾನು ಅಲ್ಲಿಗೇ ಮುಚ್ಚಿಸಿದ್ದೆ.

ಈಗ ಹೇಳುವುದೆಲ್ಲ ನಿನಗೆ ಗೊತ್ತಿರುವ ಸಂಗತಿಯೇ. ಅದನ್ನು ನಾನು ಹೇಗೆ ಪತ್ತೆ ಹಚ್ಚಿದೆ ಎನ್ನುವುದಷ್ಟೇ ನಿನಗೆ ಹೊಸದು.

ನಿಮ್ಮಪ್ಪ ಕೆಲಸದಿಂದ ನಿವೃತ್ತರಾದ ಮೇಲೆ ಕೌಲ್ ಬಜಾರಿಗೆ ಹೋಗಿ ಒಂದು ದುರ್ಬೀನು ತಂದರು. ಹಕ್ಕಿ ನೋಡಬೇಕಂತೆ! ಮೂವತ್ತು ವರ್ಷ ತಾಲ್ಲೂಕು ಆಫೀಸಿನ ಕಡತ ಬಿಟ್ಟು ತಲೆ ಎತ್ತಿ ನೋಡದ ಮನುಷ್ಯ, ಗೊರವಂಕಕ್ಕೂ ಕಬ್ಬಕ್ಕಿಗೂ ವ್ಯತ್ಯಾಸ ತಿಳಿಯದವರು, ಬೆಳಗಾಗುವುದೇ ತಡ ಟೊಪ್ಪಿಗೆ ಇಟ್ಟುಕೊಂಡು ಕಂಟೋನ್ಮೆಂಟಿನ ದೊಡ್ಡ ಮರಗಳ ಕಡೆ ಹೊರಟುಬಿಡುತ್ತಿದ್ದರು. ನಾನು ನೀರಿನ ಬಾಟಲಿ ತುಂಬಿ ಕೊಡುತ್ತಿದ್ದೆ. ಮೊದಮೊದಲು ಒಳ್ಳೆಯದೇ ಆಯಿತೆಂದುಕೊಂಡೆ. ಮನೆಯಲ್ಲೇ ಕುಳಿತು ಸಾರಿಗೆ ಉಪ್ಪು ಕಡಿಮೆ ಎನ್ನುವುದಕ್ಕಿಂತ ಹಕ್ಕಿ ನೋಡುವುದು ವಾಸಿ.

ಸಂಶಯ ಹುಟ್ಟಿದ್ದು ಶಿವರಾತ್ರಿ ಕಳೆದ ಮೇಲೆ. ಒಂದು ದಿನ ಮಧ್ಯಾಹ್ನ ಬಂದವರೇ, "ಏ ಇವಳೇ, ಇವತ್ತು ಕಂಟೋನ್ಮೆಂಟಿನಾಗ ಗೀಜಗ ಗೂಡು ಕಟ್ಟಾಕ ಹತ್ತಿತ್ತು. ಏನು ಚಂದ ಹೆಣಿತೈತಿ ಅಂತೀ!" ಎಂದರು. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ನಾನು ಹುಟ್ಟಿದ್ದು ಸಿರುಗುಪ್ಪದ ಒಕ್ಕಲುತನದ ಮನೆಯಲ್ಲಿ. ನಿನ್ನ ಅಜ್ಜ ನನ್ನನ್ನು ಸಾಲಿ ಬಿಡಿಸಿದ್ದೇ ಜೋಳದ ಹೊಲದಲ್ಲಿ ಹಕ್ಕಿ ಕಾಯುವುದಕ್ಕೆ. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಬೀಸಿ ನನ್ನ ಬಲರಟ್ಟೆ ಈಗಲೂ ದಪ್ಪವಾಗಿದೆ. ನೀವೆಲ್ಲ ಹಕ್ಕಿಯನ್ನು ಪ್ರೀತಿಯಿಂದ ನೋಡುತ್ತೀರಿ, ನಾನು ಶತ್ರುವನ್ನು ನೋಡುವ ಹಾಗೆ ನೋಡಿ ಕಲಿತವಳು. ಯಾವುದು ಯಾವ ತಿಂಗಳಲ್ಲಿ ಬರುತ್ತದೆ, ಎಲ್ಲಿ ಇಳಿಯುತ್ತದೆ, ಯಾವಾಗ ಊರು ಬಿಡುತ್ತದೆ, ಎಲ್ಲ ನನಗೆ ಗೊತ್ತು. ಗೀಜಗ ಮಳೆ ಕಾಣದೆ, ಹಸಿ ಹುಲ್ಲು ಸಿಗದೆ ಗೂಡಿಗೆ ಕೈ ಹಾಕುವುದಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ, ಫಾಲ್ಗುಣದಲ್ಲಿ ಅದು ಗೂಡು ಕಟ್ಟಿತೆಂದರೆ ಒಂದೋ ಹಕ್ಕಿಗೆ ತಲೆ ಕೆಟ್ಟಿರಬೇಕು, ಇಲ್ಲ ನಿಮ್ಮಪ್ಪ ಸುಳ್ಳು ಹೇಳುತ್ತಿರಬೇಕು.

ಕೇಳಲಿಲ್ಲ. ನನ್ನ ಗುಣ ನಿನಗೆ ಗೊತ್ತಲ್ಲ, ಕೇಳಿದರೆ ಇನ್ನೊಂದು ಸುಳ್ಳು ಸಿಗುತ್ತದೆ, ಸುಮ್ಮನಿದ್ದರೆ ನಿಜ ಸಿಗುತ್ತದೆ. ಅಂದಿನಿಂದ ಅವರ ಅಂಗಿ ಒಗೆಯುವ ಮೊದಲು ಮೂಸಿ ನೋಡತೊಡಗಿದೆ. ನಗಬೇಡ. ಒಂದು ಮಂಗಳವಾರ ಭುಜದ ಹತ್ತಿರ ಪೌಡರಿನ ವಾಸನೆ ಬಂತು! ನಮ್ಮ ಮನೆಯಲ್ಲಿ ಪೌಡರ್ ಹಚ್ಚಿಕೊಳ್ಳುವವರು ಯಾರಿದ್ದಾರೆ? ಈ ವಯಸ್ಸಿನಲ್ಲಿ ಇವರಿಗೆ ಇದೇನು ಬಂತಪ್ಪಾ ಎಂದು ಆ ಅಂಗಿಯನ್ನು ಬಂಡೆಗೆ ಬಡಿದ ರಭಸಕ್ಕೆ ಎರಡು ಗುಂಡಿ ಹಾರಿಹೋದವು. ಅಂದು ಸಂಜೆ ಗುಂಡಿ ಎಲ್ಲಿ ಎಂದು ಕೂಡ ಅವರು ಕೇಳಲಿಲ್ಲ. ತಪ್ಪು ಮಾಡದ ಗಂಡಸು ಗುಂಡಿ ಕೇಳದೆ ಬಿಡುತ್ತಾನೆಯೇ?

ಮಾರನೆಯ ದಿನ ಅವರು ಸ್ನಾನಕ್ಕೆ ಹೋದಾಗ ನಾನು ತರಕಾರಿಯ ನೆಪ ಮಾಡಿ ಕಂಟೋನ್ಮೆಂಟಿಗೆ ಹೋದೆ. ಅಲ್ಲಿ ಇವರ ಜೊತೆ ನಡೆಯುವ ಗಾದೆಪ್ಪ ಎನ್ನುವವರು ಬೇವಿನ ಮರದ ಕೆಳಗೆ ಕೈಕಾಲು ಆಡಿಸುತ್ತ ನಿಂತಿದ್ದರು. "ಅಕ್ಕಾರ, ಸಾಹೇಬ್ರು ಮಂಗಳಾರ, ಶುಕ್ರಾರ ಈ ಕಡೆ ಬರಂಗೇ ಇಲ್ರಿ. ಊರಿಗೆ ಹೊಲ ನೋಡಾಕ ಹೋಗ್ತಾರಂತ ನಾವು ತಿಳಕೊಂಡಿದ್ವಿ" ಎಂದರು. ನಮಗೆ ಎಲ್ಲಿಯ ಹೊಲ! ಕುಂಬಳಕಾಯಿ ಕಳ್ಳನ ಹೆಗಲು ಕಂಡ ಹಾಗಾಯಿತು. ಶುಕ್ರವಾರ ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತು ನೋಡಿದರೆ, ನಿಮ್ಮಪ್ಪ ದುರ್ಬೀನು ಕೊರಳಿಗೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದರು. ಮದುವೆಗೆ ಹೊರಟ ಗಂಡಿನ ಮುಖ. ಕುರುಗೋಡಿನಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಅಂದು ನಾನು ಬಸ್ಸು ಹತ್ತಲಿಲ್ಲ. ಹೋಗಿ ಏನು ನೋಡಬೇಕಾಗುತ್ತದೋ ಎಂಬ ಹೆದರಿಕೆ ನನಗೆ.

ಯುಗಾದಿಯ ಮರುದಿನ ನಿಜ ತಾನಾಗಿಯೇ ನಮ್ಮ ಹಿತ್ತಲಿಗೆ ಬಂತು. ನಾನು ಬೇವಿನ ಕೆಳಗೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಮರದ ತುಂಬ ಹೂವು. ಮೇಲೆಲ್ಲೋ ಕಂಚುಗಾರ ಹಕ್ಕಿ ಕುಟ್ಟುತ್ತಿತ್ತು. ನಿಂಬೆ ಗಿಡದಲ್ಲಿ ಸಿಂಪಿಗ ಎಲೆ ಹೊಲಿದು ಮರಿ ಮಾಡಿದೆ, ಅದಕ್ಕೆ ಬೆಕ್ಕಿನ ಭಯ, ನನಗೆ ಬೆಕ್ಕಿನ ಮೇಲೆ ಕಣ್ಣು. ನಿಮ್ಮಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ನಲ್ಲಿಯ ಹತ್ತಿರದ ಹಸಿ ನೆಲಕ್ಕೆ ಒಂದು ಹಕ್ಕಿ ಇಳಿಯಿತು. ಕಂದು ಮೈ, ರೆಕ್ಕೆಗೆ ಕಪ್ಪು ಬಿಳಿ ಪಟ್ಟೆ, ಉದ್ದ ಕೊಕ್ಕು, ತಲೆಯ ಮೇಲೆ ಬಿಚ್ಚಿ ಮುಚ್ಚುವ ಜುಟ್ಟು. ಚಂದ್ರಮುಕುಟ ಎಂದು ಪುಸ್ತಕದವರು ಕರೆಯುವ ಹಕ್ಕಿ. ನಿಮ್ಮಪ್ಪ ಪೇಪರ್ ಕೆಳಗಿಟ್ಟು ಸಂಭ್ರಮದಿಂದ, "ಲೇ, ಅಲ್ಲಿ ನೋಡಲೇ, ನಾಗಲಕ್ಷ್ಮತ್ತಿ ಬಂತು!" ಎಂದುಬಿಟ್ಟರು.

ಮೌನಿ, ಆ ಹೆಸರು ನಿನಗೆ ನೆನಪಿದೆಯಲ್ಲ? ಎದುರು ಮನೆಯ ನಾಗಲಕ್ಷ್ಮಿ ಸದಾ ತಲೆಗೆ ಬಾಚಣಿಗೆ ಸಿಕ್ಕಿಸಿಕೊಂಡೇ ಬೀದಿ ಸುತ್ತುತ್ತಿದ್ದಳಲ್ಲ, ನೀನು ಸಣ್ಣವಳಿದ್ದಾಗ ಇದೇ ಹಿತ್ತಲಿನಲ್ಲಿ ನನ್ನ ಮಡಿಲಲ್ಲಿ ಕುಳಿತು ಆ ಹಕ್ಕಿಗೆ ಆ ಹೆಸರಿಟ್ಟೆ. ಆಕೆಗೆ ಕೇಳಿಸಿದರೆ ಜಗಳವಾದೀತೆಂದು ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆವು. ಯಾರಿಗೂ ಹೇಳಬಾರದೆಂದು ನೀನೇ ನನ್ನಿಂದ ಮಾತು ತೆಗೆದುಕೊಂಡಿದ್ದೆ. ನಿಮ್ಮಪ್ಪನಿಗೂ ನಾನು ಹೇಳಿರಲಿಲ್ಲ. ಜಗತ್ತಿನಲ್ಲಿ ಆ ಹೆಸರು ಗೊತ್ತಿದ್ದವರು ನಾನು, ನೀನು ಇಬ್ಬರೇ. ನಾನಂತೂ ಇವರಿಗೆ ಕಲಿಸಿಲ್ಲ.

ಅವರಿಗೂ ತಕ್ಷಣ ಹೊಳೆಯಿತೆಂದು ಕಾಣುತ್ತದೆ. ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು. ಪೇಪರ್ ತಲೆಕೆಳಗಾಗಿತ್ತು. ನಾನು "ಹೌದ್ರಿ, ಬಂತು" ಎಂದಷ್ಟೇ ಅಂದು ಹುಣಸೆಹಣ್ಣಿಗೆ ಕೈ ಹಚ್ಚಿದೆ. ಕಣ್ಣು ಮಂಜಾಗಿ ಬೀಜ ಯಾವುದು ಹಣ್ಣು ಯಾವುದು ಕಾಣಲಿಲ್ಲ.

ಮೊನ್ನೆ ಶುಕ್ರವಾರ ಅವರ ಹಿಂದಿನ ಬಸ್ಸಿಗೆ ನಾನೂ ಬಂದೆ. ಗುಡ್ಡದ ದಾರಿಯಲ್ಲಿ ಊರಮ್ಮ ಎನ್ನುವ ಹೆಂಗಸಿನ ಚಹಾದಂಗಡಿ ಇದೆಯಲ್ಲ, ದುರ್ಬೀನಿನ ಅಜ್ಜ ಎತ್ತ ಹೋದರೆಂದು ಕೇಳಿಕೊಂಡು ಬಂದು ಅದರ ತಟ್ಟಿಯ ಹಿಂದೆ ಕುಳಿತಿದ್ದೆ. ನಿಮ್ಮಪ್ಪ ಬಂಡೆಯ ಮೇಲೆ ಕುಳಿತಿದ್ದರು, ತೊಡೆಯ ಮೇಲೆ ಒಂದು ಹೆಣ್ಣುಕೂಸು. ಬೆವರುಸಾಲೆಗೆ ಕೊರಳ ತುಂಬ ಪೌಡರ್ ಬಳಿದಿದ್ದೆ ನೀನು. ಅಜ್ಜ ದುರ್ಬೀನನ್ನು ತಿರುಗಾಮುರುಗಾ ಹಿಡಿದು ಅದರ ಕಣ್ಣಿಗಿಡುತ್ತಿದ್ದರು. ಅದು ಒಂದು ಕೈಯಲ್ಲಿ ಒಣಗಿದ ಗೀಜಗನ ಗೂಡು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅವರ ಕಿವಿ ಜಗ್ಗುತ್ತಿತ್ತು. ಹೋದ ವರ್ಷದ ಆ ಗೂಡೇ ನಿಮ್ಮಪ್ಪನ ಬಾಯಲ್ಲಿ ಫಾಲ್ಗುಣದ ಹೊಸ ಗೂಡಾಗಿದ್ದು. ಬಂಡೆಗಳ ನಡುವೆ ಪಿಕಳಾರ ಕೂಗುತ್ತಿತ್ತು. ನಮ್ಮ ಹಿತ್ತಲಿಗೆ ಬರುವಂಥದ್ದಲ್ಲ, ಕೊರಳು ಹಳದಿ ಇರುವುದು, ಕಲ್ಲುಗುಡ್ಡ ಬಿಟ್ಟು ಇಳಿಯದಂಥದ್ದು. ನಾನು ಅದನ್ನು ನೋಡಿದ್ದು ಅದೇ ಮೊದಲು. ಆದರೂ ಅದರ ಮೇಲೆ ಕಣ್ಣು ನಿಲ್ಲಲಿಲ್ಲ.

ಅಷ್ಟರಲ್ಲಿ ನೀನು ಬಂದೆ. ತಂಬಿಗೆಯಲ್ಲಿ ನೀರು ತಂದು ಅವರ ಮುಂದೆ ಹಿಡಿದೆ. ಅವರು ತಲೆಯಾಡಿಸಿದರು. ನಾನು ಬೆಳಿಗ್ಗೆ ತುಂಬಿ ಕೊಟ್ಟ ಬಾಟಲಿ ತೆಗೆದು ಅದರಲ್ಲಿ ಉಳಿದಿದ್ದ ಬಿಸಿ ನೀರನ್ನೇ ಕುಡಿದರು. ನೀನು ತಂಬಿಗೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಅದನ್ನು ಚೆಲ್ಲಿದ ರೀತಿಯಲ್ಲಿಯೇ ತಿಳಿಯಿತು, ಹೀಗೆ ಚೆಲ್ಲುವುದು ನಿನಗೆ ರೂಢಿಯಾಗಿದೆ. ಅವರು ಮನೆಗೆ ಬಂದು ಮೂರು ದಿನ ಉಪವಾಸ ಇದ್ದವರಂತೆ ಯಾಕೆ ಉಣ್ಣುತ್ತಿದ್ದರು ಎನ್ನುವುದೂ ಆಗ ಅರ್ಥವಾಯಿತು. ಮಗಳನ್ನು ನೋಡಲು ಬರುತ್ತಾರೆ, ಮಗಳ ಹೊಸ್ತಿಲು ಮುಟ್ಟುವುದಿಲ್ಲ, ನೀರು ಮುಟ್ಟುವುದಿಲ್ಲ. ಮುಟ್ಟಿದರೆ ನಾನು ಸತ್ತೇನು ಎಂದು ಆ ಹುಚ್ಚಪ್ಪ ನಂಬಿದ್ದಾರೆ. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಪ್ರೀತಿ ಬಂತು. ಹೇಳಿದರೆ ನಾಚಿಕೆ, ತಟ್ಟಿಯ ಹಿಂದೆ ಕುಳಿತು ಅತ್ತೆ.

ಊರಮ್ಮ ನನ್ನ ಮುಖ ನೋಡಿ ಚಹಾ ಕೊಟ್ಟು ಮಾತಿಗೆ ಕುಳಿತಳು. "ಮಾರೇಶ ಮೇಷ್ಟ್ರ ಕೂಸ್ರಿ ಅದು. ಈ ವರ್ಷ ಈ ಊರ ಸಾಲಿಗೆ ವರ್ಗ ಆಗಿ ಬಂದಾರ. ಅಜ್ಜ ವಾರಕ್ಕ ಎರಡು ಸಲ ತಪ್ಪಂಗಿಲ್ಲ ನೋಡ್ರಿ. ಅಜ್ಜಿ ಇಲ್ಲಂತ ಕಾಣ್ತೈತಿ ಪಾಪ, ಒಬ್ರಾ ಬರ್ತಾರ" ಎಂದಳು.

ಬದುಕಿರುವವಳ ಎದುರಿಗೇ ಕುಳಿತು ಅಂದಳು ಮೌನಿ. ನಾನು ನಿನ್ನ ಮನೆ ಯಾವುದೆಂದು ಮಾತ್ರ ಕೇಳಿಕೊಂಡು ಬಸ್ಸು ಹತ್ತಿದೆ.

ಅಂದಿನಿಂದ ಒಂದೇ ಸಂಶಯ ನನ್ನನ್ನು ಕೊರೆಯುತ್ತಿದೆ. ಊರಮ್ಮ ತಾನಾಗಿಯೇ ಹಾಗೆ ಊಹಿಸಿದಳೋ, ಕೂಸಿನ ಬಾಯಿಂದ ಕೇಳಿ ಹೇಳಿದಳೋ? ಅಜ್ಜಿ ಎಲ್ಲಿ ಎಂದು ಅದು ಒಮ್ಮೆಯಾದರೂ ನಿನ್ನನ್ನು ಕೇಳಿರಬೇಕು. ಏನು ಹೇಳಿದೆ? ಊರಿಗೆ ಹೋಗಿದ್ದಾಳೆ ಎಂದೆಯೋ, ನಕ್ಷತ್ರವಾಗಿದ್ದಾಳೆ ಎಂದೆಯೋ? ನಮ್ಮಿಬ್ಬರ ಹಕ್ಕಿಯ ಹೆಸರನ್ನು ಕೂಸಿಗೆ ಕಲಿಸಿದವಳು ನನ್ನನ್ನು ಸಾಯಿಸಿರಲಿಕ್ಕಿಲ್ಲ ಎಂದು ಒಂದು ಮನಸ್ಸು ಹೇಳುತ್ತದೆ. ಸತ್ತವರ ನೆನಪಿಗೂ ಜನ ಅಂಥದ್ದನ್ನು ಕಲಿಸುತ್ತಾರಲ್ಲ ಎಂದು ಇನ್ನೊಂದು ಮನಸ್ಸು ಅನ್ನುತ್ತದೆ. ಇದರ ನಡುವೆ ಮತ್ತೊಂದು ಅನುಮಾನ. ನಿಮ್ಮಪ್ಪ ಆ ಹೆಸರನ್ನು ಬಾಯಿತಪ್ಪಿ ಹೇಳಿದರೋ, ಬೇಕೆಂದೇ ನನ್ನ ಕಿವಿಗೆ ಹಾಕಿದರೋ? ಪೇಪರ್ ತಲೆಕೆಳಗೆ ಹಿಡಿದದ್ದೂ ನಾಟಕವಿರಬಹುದು. ತಾಲ್ಲೂಕು ಆಫೀಸಿನಲ್ಲಿ ಇದ್ದವರನ್ನು ಪೂರ್ತಿ ನಂಬಬಾರದು.

ಇದಕ್ಕೆಲ್ಲ ನೀನು ಉತ್ತರ ಬರೆಯಬೇಡ. ಬರೆದರೂ ನಾನು ನಂಬುವವಳಲ್ಲ. ಬರುವ ಶುಕ್ರವಾರ ನಿಮ್ಮಪ್ಪ ಬಸ್ಸು ಹತ್ತುವ ಮೊದಲೇ ನಾನು ಹೊರಟಿರುತ್ತೇನೆ. ಗುಡ್ಡಕ್ಕೆ ಬರುವುದಿಲ್ಲ, ಮನೆಗೇ ಬರುತ್ತೇನೆ. ಆಣೆ ಹಾಕಿದವರೇ ಆಣೆ ಬಿಡಿಸಬೇಕು. ನಿನ್ನ ಮನೆಯ ನೀರನ್ನು ಮೊದಲು ನಾನು ಕುಡಿಯುತ್ತೇನೆ, ಆಮೇಲೆ ಅವರನ್ನು ಒಳಗೆ ಕರೆಯುತ್ತೇನೆ. ಊಟಕ್ಕೂ ಇರುತ್ತೇವೆ. ನಿನ್ನ ಗಂಡ ಸಾಲಿಗೆ ರಜೆ ಹಾಕಿದರೆ ಒಳ್ಳೆಯದು. ಅವನಿಗೆ ನಾನು ಹೇಳಬೇಕಾದ ಮಾತಿದೆ, ಅದನ್ನು ಮುಖ ನೋಡಿಯೇ ಹೇಳಬೇಕು, ಕಾಗದದಲ್ಲಿ ಬರೆದರೆ ಹೇಡಿತನ.

ಕೂಸಿನ ಹೆಸರನ್ನು ನಾನು ಯಾರ ಬಳಿಯೂ ಕೇಳಿಲ್ಲ. ನೀನೂ ತಿಳಿಸಬೇಡ. ನಾನು ಬರುತ್ತೇನೆಂದು ಅದಕ್ಕೆ ಮೊದಲೇ ಪಾಠ ಹೇಳಿಕೊಟ್ಟು ಇಡಬೇಡ, ಬಾಯಿಪಾಠದ ಮಾತು ನನಗೆ ಗೊತ್ತಾಗಿಬಿಡುತ್ತದೆ. ಕದ ತಟ್ಟಿದಾಗ ನೀನು ಒಳಗೇ ಇರು. ಅದೇ ಬಂದು ತೆಗೆಯಲಿ, ಯಾರು ನೀವು ಎಂದು ಕೇಳಲಿ. ಅಜ್ಜಿ ಸತ್ತಿದ್ದಾಳೆ ಎಂದು ನೀನು ಹೇಳಿದ್ದರೂ ನನಗೆ ಸಿಟ್ಟಿಲ್ಲ ಮಗಳೇ. ಬದುಕಿದ್ದೇನೆ ಎಂದು ನಾನೇ ಹೇಳಿಕೊಳ್ಳುತ್ತೇನೆ.

ನಿನ್ನನ್ನೂ ಕೂಸನ್ನೂ ಕನಕದುರ್ಗಮ್ಮ ಕಾಯಲಿ. ಅಳಿಯನನ್ನು ಅವನು ನಂಬುವ ಬುದ್ಧ ಕಾಯಲಿ. ಬುದ್ಧ ಯಾರನ್ನೂ ಕಾಯುವ ದೇವರಲ್ಲ ಎಂದು ಮೇಷ್ಟ್ರು ಹೇಳುವುದಾದರೆ, ಅವನ ಪಾಲಿನದನ್ನೂ ದುರ್ಗಮ್ಮನಿಗೇ ಒಪ್ಪಿಸುತ್ತೇನೆ, ಬೇಡ ಎನ್ನದಿರಲಿ.

ಶುಕ್ರವಾರದವರೆಗೆ ಜೀವ ಹಿಡಿದುಕೊಂಡಿರುವ,
ನಿನ್ನ ಅವ್ವ
ದುರ್ಗಾದೇವಿ