ನಾಲ್ಕನೇ ಮಹಡಿಯ ಬಚ್ಚಲಲ್ಲಿ ಅತ್ತೆ

ಹನೋಯ್, ನವೆಂಬರ್ 1985

ಅತ್ತೆಯವರಿಗೆ ಸೊಸೆ ಮೆನ್ ಮಾಡುವ ನಮಸ್ಕಾರ.

ಈ ಸರ್ಕಾರಿ ವಠಾರದ ನಕ್ಷೆ ಬರೆದ ಮಹಾನುಭಾವರು ತಲೆಗೆ ನಾಲ್ಕು ಚದರ ಮೀಟರ್ ಜಾಗ ಕೊಟ್ಟರು, ಹಂದಿಯನ್ನು ಎಲ್ಲಿ ಕಟ್ಟಬೇಕೆಂದು ಮಾತ್ರ ಹೇಳಲಿಲ್ಲ. ಪಡಿತರದ ಮಾಂಸ ನಂಬಿ ಕೂತರೆ ಹೊಸವರ್ಷದ ಹಬ್ಬ ಆದಂತೆಯೇ! ಹಂದಿ ಸಾಕಕೂಡದೆಂದು ಕೆಳಗೆ ಬೋರ್ಡಿದೆ; ಆದರೂ ನಮ್ಮ ಬಚ್ಚಲಲ್ಲಿ ಒಂದಿದೆ. ದಿನಕ್ಕೆರಡು ಸ್ನಾನ ಅದಕ್ಕೆ, ನಮಗೆ ವಾರಕ್ಕೊಂದು.

ನಿನ್ನೆ ವಠಾರ ಸಮಿತಿಯ ಖ್ವಾತ್ ನಮಗೆ ‘ಸುಸಂಸ್ಕೃತ ಕುಟುಂಬ’ದ ಪ್ರಮಾಣಪತ್ರ ಕೊಡಲು ಬಂದರು. ಆಗಲೇ ಅದು ಒಳಗೆ ಜೋರಾಗಿ ಗುರುಗುಟ್ಟಬೇಕೆ?

“ಯಾರಮ್ಮಾ ಒಳಗೆ?”

ಸಿಕ್ಕಿಬಿದ್ದರೆ ಹಂದಿಯೂ ಹೋಯಿತು, ಹಬ್ಬವೂ ಹೋಯಿತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ: “ನಮ್ಮತ್ತೆ, ಸ್ನಾನ ಮಾಡ್ತಿದಾರೆ.” ತಪ್ಪಾಯಿತು, ಕ್ಷಮಿಸಿ.

ಖ್ವಾತ್ ಬಾಗಿಲಿಗೆ ಕಿವಿಯಿಟ್ಟು ಕೇಳಿದರು. ಆಮೇಲೆ ದನಿ ತಗ್ಗಿಸಿ, “ನಮ್ಮನೆ ಅತ್ತೆ ಎಂಬತ್ತು ಕೆಜಿ ದಾಟಿದಾರೆ ಕಣಮ್ಮಾ. ನಿಮ್ಮೋರು ಎಷ್ಟಿದಾರೆ?” ಎಂದರು.

ಪ್ರಮಾಣಪತ್ರವನ್ನು ಬಚ್ಚಲ ಬಾಗಿಲಿಗೇ ಅಂಟಿಸಿದ್ದೇವೆ.

ನಿಮ್ಮ ಮಗನ ಕೆಮ್ಮು ವಾಸಿಯಾಗಿದೆ. ಊರಿಂದ ಯಾರಾದರೂ ಬಂದರೆ ಒಂದು ಚೀಲ ತೌಡು ಕಳಿಸಿ. ಹಬ್ಬಕ್ಕೆ ನೀವೂ ಬನ್ನಿ. ಮೆಟ್ಟಿಲಲ್ಲಿ ಸಿಕ್ಕವರು ನಿಮ್ಮ ತೂಕ ಕೇಳಿದರೆ ಮಾತ್ರ ಕೋಪ ಮಾಡಿಕೊಳ್ಳಬೇಡಿ.